ಒಬ್ಬನೇ ಮಾಡಿದ ಕೋವಿ

'ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್' 1969ರ ಸಾಕ್ಷ್ಯಚಿತ್ರ; ಸುಮಾರು ಒಂದು ಗಂಟೆಯದು. ಅಮೆರಿಕದ ವರ್ಜೀನಿಯಾದಲ್ಲಿರುವ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಎಂಬ ಬಯಲು ವಸ್ತುಸಂಗ್ರಹಾಲಯ ಇದನ್ನು ಮಾಡಿಸಿತು. ಚಿತ್ರದಲ್ಲಿ ವ್ಯಾಲೆಸ್ ಗಸ್ಲರ್ ಎಂಬ ಕುಶಲಕರ್ಮಿ ಕಬ್ಬಿಣದ ಪಟ್ಟಿ, ಹಿತ್ತಾಳೆ ಮತ್ತು ಮೇಪಲ್ ಮರದ ಹಲಗೆಯಿಂದ ಹದಿನೆಂಟನೇ ಶತಮಾನದ ಮಾದರಿಯ ರೈಫಲ್ ಒಂದನ್ನು ಮಾಡುತ್ತಾರೆ. ಹಿನ್ನೆಲೆಯ ದನಿ ಆ ಕಾಲದ ಪ್ರಸಿದ್ಧ ಟಿವಿ ವಾರ್ತಾವಾಚಕ ಡೇವಿಡ್ ಬ್ರಿಂಕ್ಲಿಯವರದು. ಮನೆಯ ಹಿಂದಿನ ಶೆಡ್ಡಿನಲ್ಲಿ ಹವ್ಯಾಸಕ್ಕಾಗಿ ಇಂಥ ಕೋವಿ ಮಾಡುವ ಅಮೆರಿಕನ್ನರು ಇಂದಿಗೂ ಈ ಚಿತ್ರವನ್ನು ಪಠ್ಯದಂತೆ ನೋಡುತ್ತಾರೆ. ನಾನು ಇದನ್ನು ನೋಡಿದ್ದು ಬೇರೆ ಕಾರಣಕ್ಕೆ. ಕುಶಲಕಸುಬುಗಳ ದಾಖಲೀಕರಣ ನನ್ನ ಪಿಎಚ್‌ಡಿಯ ವಿಷಯ.

ಇದು ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಗಜದಿಂದ ಜಡಿಯುವ ಕೋವಿ. ನಮ್ಮ ಮಲೆನಾಡಿನವರು ಬಲ್ಲ ಕೇಪಿನ ಕೋವಿಗಿಂತ ಒಂದು ತಲೆಮಾರು ಹಳೆಯದು. ಇದರ ಕುದುರೆಯ ಬಾಯಲ್ಲಿ ಕೇಪಿಗೆ ಬಡಿಯುವ ಸುತ್ತಿಗೆಯಿಲ್ಲ, ಚಕಮಕಿ ಕಲ್ಲಿದೆ. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು, ಕಿಡಿ ಬಟ್ಟಲಿನ ಮದ್ದಿಗೆ ತಾಗಬೇಕು, ಆ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಬೇಕು.

ಚಿತ್ರದ ಅತ್ಯುತ್ತಮ ಭಾಗ ನಳಿಗೆಯದು. ಕಬ್ಬಿಣದ ಉದ್ದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಸಲಾಕೆಯ ಸುತ್ತ ಮಡಿಸಿ, ಅಂಚಿಗೆ ಅಂಚು ಬೆಸೆಯಬೇಕು. ಒಂದು ಕಾವಿಗೆ ಕೆಲವೇ ಅಂಗುಲ ಬೆಸೆದೀತು. ಕಾವು ಕಡಿಮೆಯಾದರೆ ಅಂಚು ಕೂಡುವುದಿಲ್ಲ, ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಎಲ್ಲೋ ಒಂದು ಕಡೆ ಬೆಸುಗೆ ಸೋತಿದ್ದರೆ ಅದು ಗೊತ್ತಾಗುವುದು ಮದ್ದು ಸಿಡಿದಾಗ, ಕೆನ್ನೆಯ ಪಕ್ಕದಲ್ಲಿ. ಆಮೇಲೆ ಕೊರೆಯುವ ಕೆಲಸ. ಕೊರೆದ ನಳಿಗೆ ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಅದರೊಳಗೆ ಬಿಗಿಯಾಗಿ ಒಂದು ದಾರ ಎಳೆದು ಕಟ್ಟುತ್ತಾರೆ. ಕಣ್ಣು ತೂತಿಗೆ. ದಾರಕ್ಕೂ ಗೋಡೆಗೂ ನಡುವೆ ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಡೊಂಕು. ಹೊರಗಿನಿಂದ ಸುತ್ತಿಗೆಯ ಒಂದು ಏಟು, ಮತ್ತೆ ಕಣ್ಣು. ಒಂದೆಳೆ ದಾರ ಇಷ್ಟು ನಿಖರವಾದ ಅಳತೆಗೋಲಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಳಿಗೆಯೊಳಗೆ ಸುರುಳಿ ಗೀರು ಹಾಕುವುದು ಇನ್ನೂ ಸೊಗಸು. ಸುರುಳಿ ಕೊರೆದ ಮರದ ಕೊರಡೊಂದನ್ನು ಹಿಂದೆ ಮುಂದೆ ಎಳೆದರೆ ಅದಕ್ಕೆ ಕಟ್ಟಿದ ಕೋಲು ತಾನೂ ತಿರುಗುತ್ತ ಒಳಹೋಗುತ್ತದೆ. ಕೋಲಿನ ತುದಿಯಲ್ಲಿ ಗರಗಸದ ಹಲ್ಲಿನಂಥ ಪುಟ್ಟ ಉಕ್ಕು. ಒಂದು ಎಳೆತಕ್ಕೆ ಕೂದಲೆಳೆಯಷ್ಟು ಕಬ್ಬಿಣ ಬರುತ್ತದೆ. ಗೀರು ಇನ್ನಷ್ಟು ಆಳವಾಗಬೇಕಾದಾಗ ಆ ಹಲ್ಲಿನ ಕೆಳಗೆ ಒಂದು ಚೂರು ಕಾಗದ ಸೇರಿಸುತ್ತಾರೆ, ಅಷ್ಟೆ. ಈ ಸುರುಳಿಯೇ ಗುಂಡಿಗೆ ತಿರುಗಾಟ ಕೊಟ್ಟು ದೂರದ ಗುರಿಗೆ ನೇರವಾಗಿ ಒಯ್ಯುತ್ತದೆ. ಬ್ರಿಂಕ್ಲಿಯವರ ನಿರೂಪಣೆ ಇಂಥ ಕಡೆ ತನ್ನನ್ನು ತಾನು ಹಿಂದಿಟ್ಟುಕೊಳ್ಳುತ್ತದೆ. ಕೈಗೆ ಜಾಗ ಬಿಡುವುದು ಸುಲಭದ ಕೆಲಸವಲ್ಲ. ನಮ್ಮ ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ಕುಂಬಾರನ ಚಕ್ರ ತಿರುಗುವುದಕ್ಕೆ ಮೊದಲೇ ಕೊಳಲಿನ ಸಂಗೀತ ಶುರುವಾಗಿರುತ್ತದೆ.

ನನ್ನ ತಕರಾರು ಚಿತ್ರದ ಹೆಸರಿನಿಂದಲೇ ಆರಂಭ. ಅದು ಏಕವಚನ. ಒಬ್ಬನೇ ಮನುಷ್ಯ ನಳಿಗೆ ಬೆಸೆದು, ತಿರುಪು ಅರೆದು, ಹಿತ್ತಾಳೆ ಎರಕ ಹೊಯ್ದು, ಮರ ಕೆತ್ತಿ, ಬೆಳ್ಳಿಯ ಮೇಲೆ ಹೂಬಳ್ಳಿ ಕೊರೆದು ಇಡೀ ಕೋವಿಯನ್ನು ಮುಗಿಸುತ್ತಾನೆ. ಹದಿನೆಂಟನೇ ಶತಮಾನದಲ್ಲಿ ಹೀಗಿತ್ತು ಎಂಬ ಭಾವ ನೋಡುಗರಲ್ಲಿ ಉಳಿಯುತ್ತದೆ. ಚರಿತ್ರೆ ಹಾಗಿರಲಿಲ್ಲ. ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಕುಶಲಕರ್ಮಿಗಳಿಂದ ಬೆಳೆದ ಈ ಉದ್ದ ರೈಫಲ್‌ಗೆ ಕಿಡಿ ಹಾರಿಸುವ ಯಂತ್ರಭಾಗ ಬಹುಪಾಲು ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಹಡಗಿನಲ್ಲಿ ಬರುತ್ತಿತ್ತು. ನಳಿಗೆಗಳನ್ನೇ ಮಾಡುವ, ನೀರಿನ ಬಲದಿಂದ ಕೊರೆಯುವ ಕಾರ್ಯಾಗಾರಗಳಿದ್ದವು. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರಿದ್ದರು. 'ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್' ಎಂದರೆ ಇಂಗ್ಲಿಷಿನಲ್ಲಿ 'ಇಡಿಯಾಗಿ' ಎಂದರ್ಥ. ಆ ನುಡಿಗಟ್ಟು ಹೆಸರಿಸುವ ಮೂರು ಭಾಗಗಳು ಎಷ್ಟೋ ಸಲ ಮೂರು ಊರುಗಳ ಕೆಲಸವಾಗಿದ್ದವು ಎಂಬುದು ನನಗೆ ಬಹಳ ಇಷ್ಟವಾದ ವಿಪರ್ಯಾಸ.

ವಿಲಿಯಮ್ಸ್‌ಬರ್ಗಿನ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಅಮೆರಿಕದ ಕ್ರಾಂತಿಯ ಹೊತ್ತಿಗೆ ಆ ಪಟ್ಟಣದ ಅರ್ಧದಷ್ಟು ಜನ ಗುಲಾಮರಾಗಿದ್ದ ಕರಿಯರು. ರಾಕ್‌ಫೆಲ್ಲರ್ ಹಣದಿಂದ 1920ರ ದಶಕದಲ್ಲಿ ಪುನರ್ನಿರ್ಮಾಣ ಶುರುವಾದ ಈ ಊರು ದಶಕಗಳ ಕಾಲ ಅವರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಕುಲುಮೆಯ ಕೆಲಸ ಎಂದರೆ ತಿದಿ ಒತ್ತುವ, ಇದ್ದಿಲು ಹೊರುವ, ಸಮ್ಮಟಿಗೆ ಎತ್ತುವ ಮೈಗಳ ಕೆಲಸವೂ ಹೌದು. ಒಬ್ಬನ ಪರಿಪೂರ್ಣತೆಯ ಕತೆ ಹೇಳಹೊರಟಾಗ ಮೊದಲು ಚೌಕಟ್ಟಿನಿಂದ ಹೊರಗೆ ಹೋಗುವವರು ಅವರು.

ಹಾಗಾದರೆ ಚಿತ್ರ ಸುಳ್ಳೇ? ಅಲ್ಲ. ಅದು 1760ರ ದಾಖಲೆಯಲ್ಲ, 1960ರ ದಶಕದ ದಾಖಲೆ. ಆಧುನಿಕ ಕಾಲದಲ್ಲಿ ಇಡೀ ರೈಫಲನ್ನು ಹಳೆಯ ವಿಧಾನದಲ್ಲೇ ಮಾಡಿದ ಮೊದಲಿಗರೆಂದು ಗಸ್ಲರ್ ಹೆಸರಾಗಿದ್ದಾರೆ. ಅದು ಅವರದೇ ಸಾಧನೆ, ಹಿಂದಿನವರ ಪುನರಾವರ್ತನೆಯಲ್ಲ. ಮಾರಿ ಹೊಟ್ಟೆ ಹೊರೆಯಬೇಕಾದವನು ಲಾಕನ್ನು ಕೊಂಡು ತರುತ್ತಾನೆ. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವ ಹಟಕ್ಕೆ ಬೇಕಾದದ್ದು ಸಂಬಳ, ಬಿಡುವು ಅಥವಾ ಸಂಗ್ರಹಾಲಯ. ತಮಾಷೆಯೆಂದರೆ ಇಂದಿನ ಬಹುತೇಕ ಹವ್ಯಾಸಿಗಳು ನಳಿಗೆಯನ್ನು ಕೊಳ್ಳುತ್ತಾರೆ, ಲಾಕಿನ ಭಾಗಗಳನ್ನು ಕಿಟ್ ರೂಪದಲ್ಲಿ ತರಿಸುತ್ತಾರೆ, ಮರದ ಕೆಲಸವನ್ನಷ್ಟೇ ತಿಂಗಳುಗಟ್ಟಲೆ ಕೂತು ಮಾಡುತ್ತಾರೆ. ಇದಕ್ಕೆ ಕೆಲವರು ನಾಚಿಕೊಳ್ಳುತ್ತಾರೆ. ನಾಚಬೇಕಾಗಿಲ್ಲ; ಹಳೆಯ ಲ್ಯಾಂಕಾಸ್ಟರಿನ ಅಂಗಡಿಗೆ ಹೆಚ್ಚು ಹತ್ತಿರ ಇರುವವರು ಅವರೇ.

ಚಿತ್ರ ಹುಟ್ಟಿದ ಹೊತ್ತನ್ನೂ ಮರೆಯುವಂತಿಲ್ಲ. ಹಿಂದಿನ ವರ್ಷವೇ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾಗಿದ್ದರು. ಅದೇ 1968ರ ಅಕ್ಟೋಬರಿನಲ್ಲಿ ಬಂದ ಬಂದೂಕು ನಿಯಂತ್ರಣ ಕಾಯ್ದೆ 1898 ಅಥವಾ ಅದಕ್ಕೂ ಮೊದಲಿನ ಕೋವಿಗಳನ್ನೂ ಚಕಮಕಿ ಕೋವಿಯಂಥವುಗಳ ಹೊಸ ಪ್ರತಿಗಳನ್ನೂ 'ಪುರಾತನ' ಎಂದು ಕರೆದು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಎಂದರೆ ನಿನ್ನೆ ಮಾಡಿದ ಕೋವಿಯೂ ಒಕ್ಕೂಟದ ಕಾನೂನಿನ ಕಣ್ಣಲ್ಲಿ ಕೋವಿಯಲ್ಲ, ಗತಕಾಲದ ವಸ್ತು. ಚಿತ್ರದ ಸೌಂದರ್ಯಪ್ರಜ್ಞೆಯೂ ಇದೇ ಬಗೆಯದು. ಇಂಥ ರೈಫಲ್ ಹಿಡಿದ ವಲಸಿಗರು ಪಶ್ಚಿಮಕ್ಕೆ ನುಗ್ಗಿ ಮೂಲನಿವಾಸಿಗಳ ನೆಲ ಕಸಿದರು. ಆ ಮೂಲನಿವಾಸಿಗಳೂ ಇದನ್ನು ಕೊಂಡು, ಹಿಡಿದು ಎದುರು ನಿಂತರು. ಆ ಕತೆಗೆ ಇಲ್ಲಿ ಜಾಗವಿಲ್ಲ. ಕೆತ್ತನೆಯ ಬಳ್ಳಿಯನ್ನು ಅಷ್ಟು ಹತ್ತಿರದಿಂದ ನೋಡುವ ಕ್ಯಾಮೆರಾ ನಳಿಗೆಯ ಇನ್ನೊಂದು ತುದಿಯ ಕಡೆ ತಿರುಗುವುದೇ ಇಲ್ಲ.

ಹೋಲಿಕೆಗೆ 1979ರ 'ಫಾಕ್ಸ್‌ಫೈರ್ 5' ಪುಸ್ತಕ ನೋಡಬಹುದು. ಜಾರ್ಜಿಯಾದ ಬೆಟ್ಟಸೀಮೆಯ ಶಾಲಾ ಮಕ್ಕಳು ಟೇಪ್ ರೆಕಾರ್ಡರ್ ಹಿಡಿದು ಹೋಗಿ ಮಾಡಿದ ಸರಣಿ ಅದು. ಈ ಸಂಪುಟದಲ್ಲಿ ಚಕಮಕಿ ರೈಫಲ್‌ಗಳದ್ದೇ ದೀರ್ಘ ಭಾಗವಿದೆ. ಗಸ್ಲರ್ ಚಿತ್ರದ ನುಣುಪು ಅಲ್ಲಿಲ್ಲ. ಓದುವಾಗ ಬೇಸರವಾಗುವ ಪುಟಗಳೂ ಇವೆ. ಆದರೆ ಕೋವಿ ಮಾಡುವವರು ಅವರವರ ಧಾಟಿಯಲ್ಲಿ ಮಾತಾಡುತ್ತಾರೆ, ಕೇಳುವ ಹುಡುಗರು ಇದ್ದಾರೆ ಎಂಬುದು ಗೊತ್ತಾಗುತ್ತದೆ. ಚಿತ್ರದಲ್ಲಿ ಬ್ರಿಂಕ್ಲಿಯವರ ದನಿ ಎಲ್ಲವನ್ನೂ ವಿವರಿಸುತ್ತದೆ. ಕೋವಿ ಮಾಡುವವರ ಬಾಯಿಂದಲೇ ಕೇಳಬೇಕೆಂದರೆ ನಾನು ಫಾಕ್ಸ್‌ಫೈರ್‌ಗೆ ಹೋಗುತ್ತೇನೆ. ದಾರದಿಂದ ನಳಿಗೆಯ ಡೊಂಕು ಹುಡುಕುವ ದೃಶ್ಯಕ್ಕೆ ಮಾತ್ರ ಮತ್ತೆ ಚಿತ್ರಕ್ಕೇ ಬರಬೇಕು.