ಕ್ಷೀರಭಾಗ್ಯ: ಪುಡಿಯ ಲೆಕ್ಕ, ಲೋಟದ ಲೆಕ್ಕ

ಶಾಲಾ ಮಕ್ಕಳಿಗೆ ಹಾಲು ಕೊಡುವ ಕರ್ನಾಟಕದ ಕ್ಷೀರಭಾಗ್ಯ ಯೋಜನೆ ಹುಟ್ಟಿದ್ದಕ್ಕೆ ಎರಡು ಕಾರಣ. ಒಂದು, ಬರಿಹೊಟ್ಟೆಯಲ್ಲಿ ಶಾಲೆಗೆ ಬರುವ ಮಕ್ಕಳು. ಇನ್ನೊಂದು, ಮಾರಾಟವಾಗದೆ ಮಿಗುತ್ತಿದ್ದ ಹಾಲು. ಹೈನುಗಾರರ ಪ್ರೋತ್ಸಾಹಧನ 2013ರಲ್ಲಿ ಲೀಟರಿಗೆ ನಾಲ್ಕು ರೂಪಾಯಿಗೆ ಏರಿತು, ಡೇರಿಗೆ ಬರುವ ಹಾಲೂ ಏರಿತು. ಸದಸ್ಯ ತಂದ ಹಾಲನ್ನು ಬೇಡವೆನ್ನುವುದು ಸಹಕಾರ ಸಂಘಕ್ಕೆ ಸುಲಭವಲ್ಲ. ಪ್ಯಾಕೆಟ್ಟಿನಲ್ಲಿ ಖರ್ಚಾಗದ್ದನ್ನು ಪುಡಿ ಮಾಡಬೇಕು. ಪುಡಿಯ ದರ ಬಿದ್ದರೆ ಹಾಲು ಒಕ್ಕೂಟಕ್ಕೆ ನಷ್ಟ. ಅದೇ ವರ್ಷದ ಆಗಸ್ಟ್ 1ರಂದು ಸಿದ್ದರಾಮಯ್ಯ ಸರ್ಕಾರ ಈ ಯೋಜನೆ ಆರಂಭಿಸಿ ಆ ಪುಡಿಗೆ ಕಾಯಂ ಗಿರಾಕಿಯಾಯಿತು.

ಇದರಲ್ಲಿ ತಪ್ಪೇನೂ ಇಲ್ಲ. ರೈತನಿಗೂ ಮಗುವಿಗೂ ಒಟ್ಟಿಗೆ ಒಳಿತಾದರೆ ಸಹಾಯಧನ ಸಾರ್ಥಕವೇ. ವಾರಕ್ಕೆ ಮೂರು ದಿನವಿದ್ದ ಹಾಲು 2017ರಲ್ಲಿ ಐದು ದಿನಕ್ಕೆ ವಿಸ್ತರಿಸಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹತ್ತನೇ ತರಗತಿವರೆಗಿನ ಮಕ್ಕಳಿಗೆ ತಲಾ 18 ಗ್ರಾಂ ಕೆನೆಭರಿತ ಪುಡಿ, ಅದರಿಂದ 150 ಮಿ.ಲೀ. ಹಾಲು. ಸುಮಾರು ನಾಲ್ಕೂವರೆ ಗ್ರಾಂ ಪ್ರೊಟೀನು. ಪುಡಿಯನ್ನು ಹಳಿಯುವವರು ಒಂದನ್ನು ಮರೆಯುತ್ತಾರೆ: ಫ್ರಿಜ್ಜಿಲ್ಲದ ಶಾಲೆಗೆ, ಬೀದರಿನ ಗಡಿ ಹಳ್ಳಿಗೆ ಕೂಡ ಅದು ಕೆಡದೆ ಮುಟ್ಟುತ್ತದೆ.

ಆದರೆ ಪುಡಿ ಮುಟ್ಟಿದೊಡನೆ ಹಾಲು ಮುಟ್ಟಿದಂತಲ್ಲ. ಅರವತ್ತು ಮಕ್ಕಳ ಶಾಲೆಗೆ ದಿನಕ್ಕೆ 1,080 ಗ್ರಾಂ ಬೇಕು. ಒಂದು ಕಿಲೊ ಮಾತ್ರ ಇದ್ದರೆ ಐವತ್ತೈದು ಮಕ್ಕಳಿಗಷ್ಟೇ ಸರಿಯಾದ ಹಾಲು. ಉಳಿದ ಐವರ ಪಾಲನ್ನು ನೀರು ತುಂಬುತ್ತದೆ. ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಗಂಟಿಲ್ಲದಂತೆ ಕದಡಿ ಆಮೇಲೆ ಬಿಸಿನೀರಿಗೆ ಬೆರೆಸಬೇಕು. ಅವಸರಕ್ಕೆ ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟುಗಟ್ಟಿ ತಳ ಹಿಡಿಯುತ್ತದೆ. ಸೀದ ವಾಸನೆಗೆ ಮೂಗು ಮುಚ್ಚಿಕೊಂಡ ಮಗು ಲೋಟ ಚೆಲ್ಲಿದರೂ ದಾಸ್ತಾನು ಪುಸ್ತಕದಲ್ಲಿ ಅದು ಕುಡಿದ ಹಾಲೇ. ಇಡೀ ಯೋಜನೆಯ ಗುಣಮಟ್ಟ ನಿಂತಿರುವುದು ಗೌರವಧನಕ್ಕೆ ದುಡಿಯುವ ಬಿಸಿಯೂಟದ ಅಡುಗೆಯವರ ಕೈಯಲ್ಲಿ. ಅನ್ನ, ಸಾಂಬಾರಿಗೆ ಮೊದಲು ಹಾಲು ಕಾಯಿಸುವ, ಆಮೇಲೆ ಲೋಟ ತೊಳೆಯುವ ಕೆಲಸವೂ ಅವರದೇ. ಯೋಜನೆಯ ಹೊಗಳಿಕೆಯಲ್ಲಿ ಮಾತ್ರ ಅವರ ಸುದ್ದಿ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಕಾನೂನಿನದು. ಬಿಸಿಯೂಟಕ್ಕೆ 2001ರ ಸುಪ್ರೀಂ ಕೋರ್ಟ್ ಆದೇಶವಿದೆ, 2013ರ ಆಹಾರ ಭದ್ರತಾ ಕಾಯ್ದೆಯ ಬಲವಿದೆ. ಹಾಲಿಗೆ ರಾಜ್ಯದ ಬಜೆಟ್ಟೇ ಗತಿ. ಹಾಲು ಹೆಚ್ಚಾದಾಗ ಎಲ್ಲರಿಗೂ ಮಕ್ಕಳ ನೆನಪಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ದನಗಳನ್ನು ಕಾಡಿದಾಗಿನಂತೆ ಹಾಲೇ ಕಡಿಮೆಯಾದರೆ ಪೇಟೆಯ ಗಿರಾಕಿ ಮೊದಲೋ ಶಾಲೆಯ ಮಗು ಮೊದಲೋ? ಇದಕ್ಕೆ ಯೋಜನೆಯಲ್ಲಿ ಗಟ್ಟಿ ಉತ್ತರವಿಲ್ಲ. ಮಗುವಿನ ಅಗತ್ಯಕ್ಕಿಂತ ಮಿಕ್ಕ ಹಾಲೇ ಮುಂದಿದೆ ಎಂಬುದು ಮೊಟ್ಟೆಯ ಜತೆ ಹೋಲಿಸಿದರೆ ಇನ್ನೂ ಸ್ಪಷ್ಟ. ಪ್ರೊಟೀನಿನಲ್ಲಿ ಈ ಲೋಟಕ್ಕಿಂತ ಮುಂದಿರುವ ಮೊಟ್ಟೆ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಬರಲು 2021ರ ಡಿಸೆಂಬರ್ ಆಗಬೇಕಾಯಿತು, ಅದೂ ಕೆಲವು ಮಠಾಧೀಶರ ವಿರೋಧದ ನಡುವೆ. ಹಾಲಿಗೆ ವಿರೋಧಿಗಳಿಲ್ಲ, ಬೆನ್ನಿಗೆ ಬಲವಾದ ಸಹಕಾರಿ ಜಾಲವೂ ಇದೆ. ಮಗುವಿನ ಅಗತ್ಯವೊಂದೇ ಮಾನದಂಡವಾಗಿದ್ದರೆ ಮೊಟ್ಟೆ ಇಷ್ಟು ಕಾಯಬೇಕಿರಲಿಲ್ಲ.

2024ರಲ್ಲಿ ಇದೇ ಹಾಲಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿದ್ದು ಒಳ್ಳೆಯ ಹೆಜ್ಜೆ. ಪುಡಿಯ ವಾಸನೆಗೆ ಮುಖ ತಿರುಗಿಸುವ ಮಗುವೂ ಅದನ್ನು ಕುಡಿದೀತು. ಇನ್ನು ಆಗಬೇಕಾದ್ದು ಮೂರು. ಶಾಲೆಯ ಪಕ್ಕದಲ್ಲೇ ಡೇರಿ ಇರುವ ಊರುಗಳಲ್ಲಿ ಪುಡಿಯ ಬದಲು ಪರೀಕ್ಷಿಸಿ ಕಾಯಿಸಿದ ತಾಜಾ ಹಾಲು ಕೊಟ್ಟು ನೋಡಬೇಕು. ಅಡುಗೆಯವರಿಗೆ ಹಾಲಿನ ಕೆಲಸಕ್ಕೆ ಪ್ರತ್ಯೇಕ ಕೂಲಿ ಸಿಗಬೇಕು. ಹಾಜರಾತಿಗೆ ತಕ್ಕಷ್ಟು ಪುಡಿ ಪೇಟೆಗಿಂತ ಮೊದಲು ಶಾಲೆಗೆ ಎಂಬ ನಿಯಮ ಕಾನೂನಿನಲ್ಲೇ ಬರಬೇಕು. ಮಿಕ್ಕ ಹಾಲಿಗೆ ದಾರಿ ಮಾಡಿಕೊಡುವುದರಲ್ಲಿ ಕ್ಷೀರಭಾಗ್ಯ ಪಾಸಾಗಿದೆ. ಹಾಲು ಸಾಲದ ವರ್ಷದಲ್ಲೂ ಮಗುವಿನ ಪಾಲು ಉಳಿಸಿಕೊಟ್ಟರೆ ಮಾತ್ರ ಅದನ್ನು ಮಕ್ಕಳ ಯೋಜನೆ ಎನ್ನಬಹುದು.