ಎರಡು ಇಂಚು ಮುಂದೆ, ನಾಲ್ಕು ಇಂಚು ಹಿಂದೆ

ಖಾಲಿ ಪಿಕಪ್ ಗಾಡಿಯನ್ನು ಪಕ್ಕದಿಂದ ನೋಡಬೇಕು. ಮೂತಿ ತಗ್ಗಿರುತ್ತದೆ, ಹಿಂಭಾಗ ಎದ್ದಿರುತ್ತದೆ. ಕಾರ್ಖಾನೆಯವರು ಹಾಗೆ ನಿಲ್ಲಿಸಿದ್ದು ಅಂದಕ್ಕಲ್ಲ. ಹಿಂದಿನ ಕಮಾನ್ ಪಟ್ಟಿಗಳು ಬಾಗಿರುವುದು ಇನ್ನೂ ಬಾರದ ಹೊರೆಯನ್ನು ಲೆಕ್ಕಕ್ಕೆ ಹಿಡಿದು. ಸರಕು ಏರಿದ ಮೇಲೆ ಗಾಡಿ ಮಟ್ಟಸಕ್ಕೆ ಬರಲಿ ಎಂದು. ಹಾಗಾಗಿ ಖಾಲಿ ಇದ್ದಾಗಲೆಲ್ಲ ಅದು ಯಾರೋ ಏನನ್ನೋ ಹೇರುತ್ತಾರೆಂದು ಕಾಯುತ್ತಿರುವಂತೆ ಕಾಣುತ್ತದೆ. ಅಮೆರಿಕದಲ್ಲಿ ಹಳೆಯ ಪಿಕಪ್ಪುಗಳನ್ನು ನೆಲಕ್ಕೆ ತಗ್ಗಿಸುವ ಹವ್ಯಾಸವೊಂದಿದೆ. ಅದರ ಸೊಗಸೆಲ್ಲ ಇರುವುದು ಈ ಕಾಯುವ ಭಂಗಿಯನ್ನು ಬಿಡಿಸುವುದರಲ್ಲಿ. ಚೆನ್ನಾಗಿ ತಗ್ಗಿಸಿದ ಪಿಕಪ್ಪು ಖಾಲಿ ನಿಂತಿದ್ದರೂ ಅದಕ್ಕೆ ಯಾವ ಕೊರತೆಯೂ ಇದ್ದಂತೆ ತೋರುವುದಿಲ್ಲ.

ಇದನ್ನು ಸವಿಯಬೇಕಾದರೆ ಮಿರುಗುವ ಗಾಡಿಗಳನ್ನು ಬಿಟ್ಟು ಬಡಪಾಯಿಯೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ನನ್ನ ಆಯ್ಕೆ ಶೆವರ್ಲೆ ಸಿ 1500. 1987ರ ವಸಂತದಲ್ಲಿ, 1988ರ ಮಾದರಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಪೀಳಿಗೆಯನ್ನು ಜನರಲ್ ಮೋಟರ್ಸ್ ತನ್ನೊಳಗೆ ಕರೆದದ್ದು ಜಿಎಂಟಿ400 ಎಂದು. ಹಿಂದಿನ ಪೀಳಿಗೆಯ ಚೌಕುಚೌಕಾದ ಮೈ ಹೋಗಿ, ಗಾಜು ತಗಡಿನ ಮಟ್ಟಕ್ಕೆ ಕೂತು, ಬದಿಗಳು ಸಪಾಟಾದವು. ಅದರಲ್ಲೂ ಕೆಳದರ್ಜೆಯದು ಡಬ್ಲ್ಯೂ/ಟಿ, ಅಂದರೆ ವರ್ಕ್ ಟ್ರಕ್. ಕ್ರೋಮ್ ಇಲ್ಲ, ಗ್ರಿಲ್ ಪ್ಲಾಸ್ಟಿಕ್ಕಿನದು, ನೆಲಕ್ಕೆ ರಬ್ಬರು, ಕಿಟಕಿ ಇಳಿಸಲು ಕೈಯಲ್ಲೇ ತಿರುವಬೇಕು. ಮೂವರು ಒತ್ತಿ ಕೂರುವ ಒಂದೇ ಉದ್ದನೆಯ ಸೀಟು. ಹಿಂದೆ ಎಂಟಡಿಯ ತೊಟ್ಟಿ; ನಾಲ್ಕಡಿ ಅಗಲ, ಎಂಟಡಿ ಉದ್ದದ ಪ್ಲೈವುಡ್ ಹಲಗೆ ಎರಡು ಚಕ್ರಗಳ ಉಬ್ಬಿನ ನಡುವೆ ಮಟ್ಟಸವಾಗಿ ಮಲಗುತ್ತದೆ. ಮೂಲ ಎಂಜಿನ್ 4.3 ಲೀಟರಿನ ವಿ6. ಅದೇ ಕಂಪನಿಯ ಹೆಸರಾಂತ 5.7 ಲೀಟರಿನ ವಿ8ರಲ್ಲಿ ಎರಡು ಸಿಲಿಂಡರ್ ಕಳೆದರೆ ಉಳಿಯುವುದೇ ಇದು. ಸಿಲಿಂಡರಿನ ಅಗಲ, ಪಿಸ್ಟನ್ನಿನ ಓಟ ಎರಡರಲ್ಲೂ ಒಂದೇ ಅಳತೆ.

ಶೋಕಿಯವರು ಮುಗಿಬೀಳುವುದು ಗಿಡ್ಡ ತೊಟ್ಟಿಯ ಗಾಡಿಗೆ. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 117.5 ಇಂಚು, ಉದ್ದ ತೊಟ್ಟಿಯದಕ್ಕೆ 131.5. ಈ ಹದಿನಾಲ್ಕು ಇಂಚಿಗೆ ಬೆಲೆಯಲ್ಲಿ ಭಾರಿ ಅಂತರ ಬೀಳುತ್ತದೆ, ಅದೂ ತಿರುವುಮುರುವಾಗಿ: ಹೆಚ್ಚು ತಗಡು ಕೊಂಡವನು ಕಡಿಮೆ ದುಡ್ಡು ಕೊಡುತ್ತಾನೆ. ಉದ್ದ ಗಾಡಿ ಎತ್ತರದಲ್ಲಿ ನಿಂತಾಗ ಸೊರಗಿದಂತೆ ಕಾಣುವುದು ನಿಜ. ತಗ್ಗಿಸಿದ ಮೇಲೆ ಆ ಉದ್ದವೇ ಅದರ ಗಾಂಭೀರ್ಯವಾಗುತ್ತದೆ. ನೆಲಕ್ಕೆ ಸಮಾನಾಂತರವಾಗಿ, ಬಾನೆಟ್ಟಿನ ಅಂಚಿನಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಹರಿಯುತ್ತದೆ.

ಹಾಗಾದರೆ ಎಷ್ಟು ತಗ್ಗಿಸಬೇಕು? ಬಲ್ಲವರ ಬಾಯಲ್ಲಿ ಇದು ಒಂದು ಜೋಡಿ ಅಂಕಿ: ಎರಡು–ನಾಲ್ಕು. ಮುಂದೆ ಎರಡು ಇಂಚು, ಹಿಂದೆ ನಾಲ್ಕು. ಹಿಂಭಾಗ ಮೊದಲೇ ಎತ್ತರದಲ್ಲಿರುವುದರಿಂದ ಅದು ಹೆಚ್ಚು ಇಳಿಯಬೇಕು. ಆಗ ಗಾಡಿ ಮಟ್ಟಸಕ್ಕೆ ಬರುತ್ತದೆ.

ಮುಂದಿನ ಎರಡು ಇಂಚನ್ನು ಗಳಿಸುವ ದಾರಿಗಳಲ್ಲಿ ಅಗ್ಗದ್ದು ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ಹಾಕುವುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಚಕ್ರ ಹಿಡಿದ ತೋಳುಗಳ ಕೋನ ಬದಲಾಗಿ, ಚಕ್ರ ಒಳಕ್ಕೆ ವಾಲಿ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಸ್ಪ್ರಿಂಗನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಕುಗ್ಗಿಸುವ ಹಳೆಯ ಕಿಲಾಡಿತನ ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಕೆಡುತ್ತದೆ. ಮೂರನೆಯ ದಾರಿ ಚಂದದ್ದು. ಚಕ್ರದ ಬೇರಿಂಗು ಕೂರುವ ಎರಕದ ತುಂಡಿಗೆ ಸ್ಪಿಂಡಲ್ ಎನ್ನುತ್ತಾರೆ. ಅದರ ಗೂಟವನ್ನು ಎರಡು ಇಂಚು ಮೇಲೆ ಕೂರಿಸಿ ಎರಕಹೊಯ್ದ ಬದಲಿ ಸ್ಪಿಂಡಲ್ ಸಿಗುತ್ತದೆ. ಸ್ಪ್ರಿಂಗನ್ನು ಮುಟ್ಟಬೇಕಿಲ್ಲ, ತೋಳುಗಳ ಕೋನ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ, ಚಕ್ರ ಮೇಲೆ ಕೆಳಗೆ ಆಡುವ ಓಟಕ್ಕೂ ಧಕ್ಕೆಯಿಲ್ಲ. ಗಾಡಿ ಕೆಳಗಿಳಿಯಿತು ಎನ್ನುವುದಕ್ಕಿಂತ ಚಕ್ರಗಳೇ ಮೈಯೊಳಕ್ಕೆ ಮೇಲೇರಿದವು ಎನ್ನುವುದು ಸರಿ. ಇಡೀ ಕಸುಬಿನಲ್ಲಿ ನನಗೆ ಬುದ್ಧಿವಂತಿಕೆಯ ಮೆರುಗು ಕಂಡದ್ದು ಈ ಒಂದು ತುಂಡಿನಲ್ಲಿ. ಎರಡಿಂಚನ್ನು ಅದು ಇನ್ನಾವುದನ್ನೂ ಕೆಡಿಸದೆ ಕೊಡುತ್ತದೆ.

ಹಿಂದಿನ ಕೆಲಸ ಬೆವರಿನದು. ಕಮಾನಿನ ಒಂದು ತುದಿಯನ್ನು ಎರಡಿಂಚು ಮೇಲೆತ್ತಿದರೆ ನಡುವೆ ಕಟ್ಟಿದ ಆಕ್ಸಲ್ಲಿಗೆ ಸಿಗುವುದು ಸುಮಾರು ಒಂದೇ ಇಂಚು. ಆದ್ದರಿಂದ ನಾಲ್ಕಿಂಚು ಬೇಕೆಂದರೆ ಎರಡು ತುದಿಗಳನ್ನೂ ಸರಿಸಬೇಕು: ಮುಂತುದಿಯನ್ನು ಚಾಸಿಗೆ ಹಿಡಿಸುವ ಹ್ಯಾಂಗರ್ ಬದಲಿಸಬೇಕು, ಹಿಂತುದಿಯ ಶ್ಯಾಕಲ್ ಎಂಬ ಕೊಂಡಿಯನ್ನೂ ಬದಲಿಸಬೇಕು. ಹ್ಯಾಂಗರನ್ನು ಕಾರ್ಖಾನೆಯಲ್ಲಿ ಚಾಸಿಗೆ ಬೋಲ್ಟು ಹಾಕಿ ಬಿಗಿದಿಲ್ಲ, ರಿವೆಟ್ಟು ಬಡಿದು ಕಚ್ಚಿಸಿದ್ದಾರೆ. ಒಂದೊಂದರ ತಲೆಯನ್ನೂ ಗ್ರೈಂಡರಿನಲ್ಲಿ ಸವೆಸಿ, ಉಳಿದ ಕಾಂಡವನ್ನು ಉಳಿಯಿಟ್ಟು ಹೊಡೆದು ಕಳಚಬೇಕು. ಬೆನ್ನಡಿ ಸಿಮೆಂಟು ನೆಲ, ಮುಖದ ಮೇಲೆ ದಶಕಗಳ ತುಕ್ಕು ಉದುರುತ್ತಿರುತ್ತದೆ. ಇದಕ್ಕಿಂತಲೂ ಆಳಕ್ಕೆ ಇಳಿಸಬೇಕೆಂದರೆ ಕಮಾನಿನ ಕೆಳಗಿರುವ ಆಕ್ಸಲನ್ನು ಕಮಾನಿನ ಮೇಲಕ್ಕೆ ತರುವ ಉಪಾಯವಿದೆ. ಆಗ ಆಕ್ಸಲ್ ಬಡಿಯದಂತೆ ಚಾಸಿಯ ಉಕ್ಕನ್ನೇ ಕಮಾನಾಗಿ ಕೊರೆದು ಬಲಪಡಿಸಬೇಕು. ಸಣ್ಣ ಬಜೆಟ್ಟಿನವನು ಅಷ್ಟು ದೂರ ಹೋಗದೆ ನಾಲ್ಕಿಂಚಿಗೇ ನಿಲ್ಲುತ್ತಾನೆ. ನಿಂತದ್ದರಿಂದ ಅವನಿಗೆ ಲಾಭವೇ ಆಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಕಣ್ಣು ನೆಡಬೇಕಾದ ಜಾಗ ಚಕ್ರದ ಮೇಲಿನ ಸಂದು. ಮಡ್‌ಗಾರ್ಡಿನ ಕಮಾನಿಗೂ ಟೈರಿನ ತಲೆಗೂ ನಡುವೆ ಕೈಬೆರಳು ಇಟ್ಟು ಅಳೆಯುವುದು ವಾಡಿಕೆ. ಹೊಸದರಲ್ಲಿ ಹಿಂದಿನ ಸಂದಿನೊಳಗೆ ಇಡೀ ಅಂಗೈ ಸರಾಗವಾಗಿ ಹೋಗುತ್ತದೆ, ಮುಂದಿನದು ಅದಕ್ಕಿಂತ ಕಿರಿದು. ತಗ್ಗಿಸಿದ ಮೇಲೆ ಎರಡೂ ಸಮನಾಗಬೇಕು. ಟೈರಿನ ದುಂಡಿಗೂ ತಗಡಿನ ದುಂಡಿಗೂ ಒಂದೇ ಕೇಂದ್ರವಿದ್ದಂತೆ ಕಾಣಬೇಕು. ಗಾಡಿ ತಗ್ಗುವುದಕ್ಕೆ ಟೈರೂ ನೆರವಾಗುತ್ತದೆ. ಮೂಲದಲ್ಲಿ ಸಾಮಾನ್ಯವಾಗಿದ್ದ 235/75 ಆರ್ 15 ಅಳತೆಯ ಟೈರಿನ ಎತ್ತರ ಸುಮಾರು 28.9 ಇಂಚು. ಬದಲಿಗೆ 255/60 ಆರ್ 15 ಹಾಕಿದರೆ 27 ಇಂಚು. ವ್ಯತ್ಯಾಸದ ಅರ್ಧ, ಅಂದರೆ ಹತ್ತಿರ ಹತ್ತಿರ ಒಂದು ಇಂಚು ಗಾಡಿ ಪುಕ್ಕಟೆಯಾಗಿ ಇಳಿಯುತ್ತದೆ. ಟೈರು ಅಗಲವಾದ್ದರಿಂದ ನಿಲುವಿಗೊಂದು ತೂಕ ಬರುತ್ತದೆ. ಆದರೆ ಸ್ಪೀಡೋಮೀಟರು ಸುಳ್ಳು ಹೇಳತೊಡಗುತ್ತದೆ: 60 ಮೈಲಿ ತೋರಿಸಿದಾಗ ಗಾಡಿ ಓಡುತ್ತಿರುವುದು 56ರಲ್ಲಿ.

ತಗ್ಗಿದ ನಿಲುವಿನ ಈ ಮೋಹ ಪಿಕಪ್ಪಿನಲ್ಲಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ನಂತರದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಮೂಲದ ತರುಣರು ಹಳೆಯ ಕಾರುಗಳ ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ ಹಿಂಭಾಗ ಕುಸಿಯುವಂತೆ ಮಾಡುತ್ತಿದ್ದರು. ಬೇಕೆಂದೇ ಹೊರೆ ಹೊತ್ತು ಪಡೆದ ಚೆಲುವು ಅದು. ವಿಟ್ಟಿಯರ್ ಬುಲವಾರ್ಡಿನಲ್ಲಿ ಮೆಲ್ಲಗೆ ಸಾಗುವ ಆ ಕಾರುಗಳು ಸರ್ಕಾರದ ಕಣ್ಣಿಗೆ ಬಿದ್ದವು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗಿರಕೂಡದು ಎಂದು ಕ್ಯಾಲಿಫೋರ್ನಿಯಾ 1958ರಲ್ಲಿ ಕಾನೂನು ಮಾಡಿತು. ರಾನ್ ಅಗಿರೆ ಎಂಬಾತ 1959ರಲ್ಲಿ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಜೋಡಿಸಿದ; ಗುಂಡಿ ಒತ್ತಿದರೆ ಕಾರು ಏಳುತ್ತದೆ, ಪೊಲೀಸರು ಹೋದ ಮೇಲೆ ಮತ್ತೆ ಇಳಿಯುತ್ತದೆ. ಆ ನಿಷೇಧ ಕಾನೂನಿನ ಪುಸ್ತಕದಿಂದ ಹೋದದ್ದು 2024ರ ಜನವರಿ 1ರಂದು. 1970–80ರ ದಶಕಗಳಲ್ಲಿ ಡಾಟ್ಸನ್, ಟೊಯೋಟಾ, ಮಾಜ್ದಾಗಳ ಪುಟ್ಟ ಜಪಾನಿ ಪಿಕಪ್ಪುಗಳು ಅಗ್ಗಕ್ಕೆ ಸಿಕ್ಕಾಗ ಈ ರುಚಿ ಅವಕ್ಕೂ ಹತ್ತಿತು, ಅಲ್ಲಿಂದ ದೊಡ್ಡ ಪಿಕಪ್ಪುಗಳಿಗೂ ಏರಿತು. ಮರಳಿನ ಚೀಲದ ಕೆಲಸವನ್ನು ಈಗ ಸ್ಪಿಂಡಲ್ಲೂ ಶ್ಯಾಕಲ್ಲೂ ಮಾಡುತ್ತವೆ.

ನಮ್ಮಲ್ಲಿ ಗ್ಯಾರೇಜಿಗೆ ಬಂದ ಪಿಕಪ್ಪಿನ ಮಾಲೀಕ ಕೇಳುವುದು ಇದಕ್ಕೆ ನೇರ ಉಲ್ಟಾ. "ಇನ್ನೊಂದು ಪಟ್ಟಿ ಸೇರಿಸಿಬಿಡಪ್ಪ, ಲೋಡು ಜಾಸ್ತಿ ಎಳೀಬೇಕು" ಅನ್ನುತ್ತಾನೆ. ಹೊಟ್ಟೆಪಾಡಿನ ಗಾಡಿ ಅದು, ಎದ್ದೇ ನಿಂತಿರಬೇಕು. ಅಮೆರಿಕದಲ್ಲೂ ಈ ಡಬ್ಲ್ಯೂ/ಟಿಗಳು ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ಹಾಗೇ ದುಡಿದವು. ತಗ್ಗಿಸುವ ಸರದಿ ಬರುವುದು ಆ ದುಡಿಮೆಯೆಲ್ಲ ಮುಗಿದ ಮೇಲೆ. ನಿವೃತ್ತಿಯ ವಯಸ್ಸಿನ ಗಾಡಿಗೆ ಸಿಕ್ಕ ವಿರಾಮದ ಭಂಗಿ ಎಂದು ಗೊತ್ತಿದ್ದು ನೋಡಿದರೆ ರುಚಿ ಇನ್ನೂ ಹೆಚ್ಚುತ್ತದೆ.

ಆದರೆ ನಿಲುವೊಂದನ್ನೇ ಸರಿಮಾಡಿ ಉಳಿದದ್ದನ್ನು ಬಿಟ್ಟರೆ ಆಟ ಕೆಡುತ್ತದೆ. ಈ ಗಾಡಿಗಳ ಬಾಗಿಲನ್ನು ತೆರೆದು, ತುದಿಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅರ್ಧ ಇಂಚು ಏಳುತ್ತದೆ. ಹಿಂಜಿನೊಳಗಿನ ಹಿತ್ತಾಳೆ ಬುಷ್ ಸವೆದು, ಭಾರದ ಬಾಗಿಲು ಜೋತುಬಿದ್ದಿರುತ್ತದೆ. ಮುಚ್ಚುವಾಗ ಅದನ್ನು ಒಂದಿಷ್ಟು ಎತ್ತಿ ಬಡಿಯಬೇಕು, ಡಬ್ಬ ಬಿದ್ದಂಥ ಸದ್ದು. ಹೊಸ ಪಿನ್ನು, ಹೊಸ ಬುಷ್, ಒಂದು ಊಟದ ಬೆಲೆಗೆ ಸಿಗುತ್ತವೆ. ಬಾಗಿಲನ್ನು ಅರೆತೆರೆದಲ್ಲೇ ನಿಲ್ಲಿಸುವ ಸ್ಪ್ರಿಂಗ್ ಒಂದು ಹಿಂಜಿನೊಳಗೆ ಹೊಂಚುಹಾಕಿ ಕೂತಿರುತ್ತದೆ. ಅದನ್ನು ಅದಕ್ಕೆಂದೇ ಇರುವ ಹಿಡಿಕೆಯಿಂದ ಒತ್ತಿ ತೆಗೆಯದೆ ಹೋದರೆ ಕಣ್ಣಿಗೇ ಹಾರುತ್ತದೆ. ಜಾಕಿಯ ಮೇಲೆ ಬಾಗಿಲನ್ನು ಆನಿಸಿ, ಹಳೆಯ ಪಿನ್ನನ್ನು ಹೊರಕ್ಕೆ ತಟ್ಟಿ, ಹೊಸ ಬುಷ್ಷನ್ನು ಬಡಿದು ಕೂರಿಸಿದರೆ ಮುಗಿಯಿತು. ಆಮೇಲೆ ಬಾಗಿಲನ್ನು ಎರಡು ಬೆರಳಿನಲ್ಲಿ ದೂಡಿ. ಅದು ತಾನೇ ಹೋಗಿ, ಅಡ್ಡಗೂಟವನ್ನು ಹುಡುಕಿಕೊಂಡು, ಒಂದೇ ಮೊಟಕಾದ ಸದ್ದಿನಲ್ಲಿ ಕಚ್ಚಿಕೊಳ್ಳುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಖ ಕೊಡುವ ರಿಪೇರಿ ಇನ್ನೊಂದಿಲ್ಲ.

ಬಣ್ಣದ್ದೂ ಇದೇ ಕಥೆ. ಬಿಸಿಲಿಗೆ ಮಂಕಾದ ಪೇಂಟಿನ ಮೇಲೆ ಒದ್ದೆ ಮಾಡಿದ 2000 ನಂಬರಿನ ವಾಟರ್ ಪೇಪರ್, ಆಮೇಲೆ ಕಾಂಪೌಂಡು, ಕಡೆಗೆ ಪಾಲಿಶು. ಸತ್ತ ಪದರ ಹೋಗಿ ಕೆಳಗಿನ ಬಣ್ಣ ಉಸಿರಾಡುತ್ತದೆ. ಎಲ್ಲ ಕಡೆಯೂ ಏಳಬೇಕೆಂದಿಲ್ಲ. ಚಾವಣಿಯಲ್ಲಿ ಕವಚದ ಪದರ ಸುಲಿದಿದ್ದರೆ ಅದನ್ನು ಯಾವ ಪಾಲಿಶೂ ಉಳಿಸದು, ಹಾಗೇ ಬಿಡಬಹುದು. ತೊಟ್ಟಿಯ ಒಳಗಿನ ಗೀರುಗಳನ್ನಂತೂ ಮುಟ್ಟಲೇಬಾರದು. ಅವು ಸಲಿಕೆಯ, ಇಟ್ಟಿಗೆಯ, ಕಬ್ಬಿಣದ ಸರಳಿನ ಸಹಿ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದ. ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ನಗೆಪಾಟಲು ಎಂಬುದು ಅವನು ಕೊಟ್ಟ ನಿದರ್ಶನ. ಪ್ಲಾಸ್ಟಿಕ್ ಗ್ರಿಲ್ಲಿನ ಡಬ್ಲ್ಯೂ/ಟಿಗೆ 24 ಇಂಚಿನ ಕ್ರೋಮ್ ಚಕ್ರ ತೊಡಿಸಿದಾಗ ಆಗುವುದೂ ಅದೇ. 1970–80ರ ದಶಕಗಳ ಶೆವರ್ಲೆ ಪಿಕಪ್ಪುಗಳ 15 ಇಂಚಿನ ಉಕ್ಕಿನ ರ‍್ಯಾಲಿ ಚಕ್ರ ಗುಜರಿಯಲ್ಲಿ ಸಿಗುತ್ತದೆ. ಐದು ಬೋಲ್ಟು, ಐದು ಇಂಚಿನ ವೃತ್ತ. ಎರಡರದೂ ಅಳತೆ ಒಂದೇ ಆದ್ದರಿಂದ ನೇರವಾಗಿ ಕೂರುತ್ತದೆ. ಬೂದು ಬಣ್ಣ, ಅಂಚಿಗೊಂದು ತೆಳು ಹೊಳಪಿನ ಬಳೆ, ಸಾಕು. ಒಂದೇ ಮನೆತನದ ಹಿರಿಯನ ಒಡವೆ ಕಿರಿಯನ ಮೈಮೇಲೆ ಕಳೆಗಟ್ಟುತ್ತದೆ. ಕೈಯಲ್ಲಿ ದುಡ್ಡಿದ್ದವನು ಅಂಗಡಿಗೆ ಹೋಗುತ್ತಿದ್ದ; ಇಲ್ಲದವನು ಗುಜರಿಗೆ ಹೋದ, ಅವನ ಗಾಡಿಗೇ ಸರಿಯಾದದ್ದು ಸಿಕ್ಕಿತು.

ನಾಲ್ಕಿಂಚಿಗೆ ನಿಂತವನ ಲಾಭವೂ ಇದೇ ಬಗೆಯದು. ಅಷ್ಟರವರೆಗೆ ಸಾಮಾನ್ಯವಾಗಿ ಚಾಸಿ ಕೊರೆಯದೆ ಸಾಗುತ್ತದೆ. ಆಕ್ಸಲ್ಲಿಗೂ ಚಾಸಿಗೂ ನಡುವಿನ ರಬ್ಬರು ಗಿಡ್ಡದ್ದಿರಬೇಕು, ಶಾಕ್ ಅಬ್ಸಾರ್ಬರು ಆ ಎತ್ತರಕ್ಕೆ ಹೊಂದುವಂಥದ್ದಿರಬೇಕು, ಅಲೈನ್‌ಮೆಂಟ್ ಮಾಡಿಸಿ ಹೆಡ್‌ಲೈಟನ್ನು ಮತ್ತೆ ಗುರಿಹಿಡಿಸಬೇಕು. ಕಮಾನಿನ ಪಟ್ಟಿಗಳನ್ನು ಕಳಚದೆ ಬರೀ ಅದರ ತುದಿಗಳನ್ನು ಸರಿಸಿದ್ದರಿಂದ ಹೊರುವ ಕಸುವು ಅಲ್ಲೇ ಇದೆ. ಕಮ್ಮಿಯಾದದ್ದು ಕುಸಿಯಲು ಇದ್ದ ಜಾಗ ಮಾತ್ರ. ಪೂರ್ತಿ ಲೋಡು ಹೇರಿದರೆ ರಬ್ಬರಿಗೆ ಬಡಿಯುತ್ತದೆ, ಅರ್ಧ ಹೇರಿದರೆ ನೆಮ್ಮದಿಯಾಗಿ ಸಾಗುತ್ತದೆ. ತಿರುವಿನಲ್ಲಿ ಮೊದಲಿನಷ್ಟು ವಾಲುವುದಿಲ್ಲ, ಹತ್ತುವಾಗ ಮೊಣಕಾಲು ಎತ್ತಬೇಕಿಲ್ಲ, ತೊಟ್ಟಿಯ ಅಂಚು ಸೊಂಟದ ಹತ್ತಿರಕ್ಕೆ ಬಂದದ್ದರಿಂದ ಸಾಮಾನು ಏರಿಸುವುದೂ ಸಲೀಸು.

ಟ್ರಕ್ ಪ್ರದರ್ಶನಗಳಲ್ಲಿ ತೊಟ್ಟಿ ಹುಲ್ಲಿಗೆ ತಾಕುವಷ್ಟು ತಗ್ಗಿದ ಗಾಡಿಗಳು ಸಾಲುಸಾಲಾಗಿ ಮಿಂಚುತ್ತಿರುತ್ತವೆ. ಅವುಗಳ ಕುಶಲಗಾರಿಕೆಗೆ ಕೈಮುಗಿಯೋಣ. ಆದರೂ ಮನೆ ಬದಲಿಸುವ ನೆಂಟ ಭಾನುವಾರ ಬೆಳಿಗ್ಗೆ ಫೋನು ಮಾಡಿ "ಸೋಫಾ ಸಾಗಿಸ್ಬೇಕಿತ್ತು, ಗಾಡಿ ತರ್ತೀಯಾ?" ಎಂದಾಗ ಇಲ್ಲ ಎನ್ನಬೇಕಾದ ಪಿಕಪ್ಪು ಎಷ್ಟೇ ಚೆಂದವಿದ್ದರೂ ಅರ್ಧ ಪಿಕಪ್ಪೇ. ಎರಡು–ನಾಲ್ಕರ ಡಬ್ಲ್ಯೂ/ಟಿ ಸೋಫಾವನ್ನೂ ಒಯ್ಯುತ್ತದೆ, ಅದರ ಹಿಂದೆ ಅಡುಗೆಮನೆಯ ಸಾಮಾನನ್ನೂ ಒಯ್ಯುತ್ತದೆ.