ವಿಐ ಸಂಪಾದಕದ ಗುಣದೋಷ ವಿಚಾರ

ಕೀಲಿಮಣೆಯಿಂದಲೇ ನಡೆಯುವ ವಿಐ ಸಂಪಾದಕವನ್ನು ಮೆಚ್ಚುವ ಪ್ರೋಗ್ರಾಮರುಗಳದು ಬರಿಯ ರೂಢಿಯ ಮೋಹವೆಂಬ ಮಾತನ್ನು ನಾವು ಒಪ್ಪಲಾರೆವು. 1976ರ ಸುಮಾರಿಗೆ ಬಿಲ್ ಜಾಯ್ ಇದನ್ನು ರಚಿಸಿದ ಎಡಿಎಂ-3ಎ ಟರ್ಮಿನಲ್ಲಿಗೆ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗಳನ್ನು ಅಚ್ಚೊತ್ತಿದ್ದರು. ಚಲನೆಯ ಕ್ರಮವು ಹೀಗೆ ಯಂತ್ರದ ಬಡತನದಿಂದ ಬಂದುದು ನಿಜ. ತಿರುಳು ಬೇರೆಯೇ ಉಂಟು. 'ಡಿ' ಎಂದರೆ ಅಳಿಸು, 'ಡಬ್ಲ್ಯು' ಎಂದರೆ ಪದ. ಎರಡೂ ಕೂಡಿದರೆ ಒಂದು ವಾಕ್ಯ. 'ಡಿ'ಯ ಎಡೆಯಲ್ಲಿ 'ಸಿ' ಬಂದರೆ ಅಳಿದ ಪದದ ಜಾಗದಲ್ಲಿ ಹೊಸದನ್ನು ಬರೆಯಬಹುದು. ಕೆಲವೇ ಧಾತುಗಳಿಂದ ಅನೇಕ ಪ್ರಯೋಗಗಳು ಸಿದ್ಧಿಸುವ ಈ ಬಗೆ ವ್ಯಾಕರಣ ಬಲ್ಲವರಿಗೆ ಹೊಸದಲ್ಲ. ಮೆನುವಾದರೋ ಪ್ರತಿಯೊಂದು ಕ್ರಿಯೆಯನ್ನೂ ಬಿಡಿಬಿಡಿಯಾಗಿ ಪಟ್ಟಿಮಾಡುತ್ತದೆ.

ಒಂದೇ ಕೀಲಿ ಒಮ್ಮೆ ಅಕ್ಷರ, ಒಮ್ಮೆ ಆಜ್ಞೆಯಾಗುವುದು ಪ್ರಮಾದಕ್ಕೆ ದಾರಿಯೆಂದು ಲ್ಯಾರಿ ಟೆಸ್ಲರ್ ಇಂಥ ಪದ್ಧತಿಯನ್ನೇ ವಿರೋಧಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕನ್ನಡ ಬರೆಯುವವರಿಗಂತೂ ಇದರ ಬಿಸಿ ಹೆಚ್ಚು: ಕೀಲಿಮಣೆ ಕನ್ನಡದಲ್ಲಿದ್ದರೆ ಆಜ್ಞೆಯೇ ನಡೆಯದು, ಮತ್ತೆ ಮತ್ತೆ ಇಂಗ್ಲಿಷಿಗೆ ಮರಳಬೇಕು. ಪದಪೂರಣ, ದೋಷಸೂಚನೆಗಳಲ್ಲಿ ಚಿತ್ರಮಯ ಪರಿಸರಗಳಿಗಿದ್ದ ಮೇಲ್ಗೈ ಮಾತ್ರ ಈಗ ಮೊದಲಿನಂತಿಲ್ಲ. 2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಆ ಸೌಕರ್ಯವನ್ನು ಬೇರೆ ಸಂಪಾದಕಗಳಿಗೂ ಒದಗಿಸಿದೆ. ಉಳಿದಿರುವುದು ಆಜ್ಞೆಯನ್ನು ನುಡಿಯಬೇಕೋ, ಆರಿಸಬೇಕೋ ಎಂಬ ವಿವಾದ. ನಮ್ಮ ಒಲವು ನುಡಿಯುವುದರ ಕಡೆಗೆ.